ಹಳದೀಪುರದ ಒದ್ದೆ ಗೋಡೆ

ಕಳೆದ ದೀಪಾವಳಿ ಮುಗಿದು ಹದಿನೈದು ದಿನವಾಗಿರಬಹುದು. ಕುಮಟೆಯಿಂದ ಒಬ್ಬಳು ಹುಡುಗಿ ಹೊನ್ನಾವರದ ನಮ್ಮ ಮನೆ ಹುಡುಕಿಕೊಂಡು ಬಂದಳು. ಹೆಸರು ಪೂರ್ಣಿಮಾ. ಮನೆಯೊಳಗಿನ ಅಲಂಕಾರದ ಕೋರ್ಸು ಮಾಡಿ ಕುಮಟೆ ಪೇಟೆಯಲ್ಲಿ ಸಣ್ಣದೊಂದು ಅಂಗಡಿ ತೆರೆದಿದ್ದಾಳಂತೆ. ನಾನು ಬಣ್ಣ, ಪರದೆ, ಪ್ಯಾನೆಲಿನ ಕೆಲಸ ಬಿಟ್ಟು ಮೂರು ವರ್ಷವಾಯಿತು. ಏಣಿ ಹತ್ತಲು ಮಂಡಿ ಒಪ್ಪುವುದಿಲ್ಲ. ಈಗ ಬೆಳಿಗ್ಗೆ ಪೇಪರ್ ಓದುವುದು, ಮಧ್ಯಾಹ್ನ ಹೆಂಡತಿ ಬೈದದ್ದನ್ನು ಕೇಳುವುದು, ಇಷ್ಟೇ ನನ್ನ ಉದ್ಯೋಗ. ಅಂಥವನನ್ನು ಯಾರಾದರೂ ಹುಡುಕಿಕೊಂಡು ಬಂದರೆ ಖುಷಿಯಾಗದೆ ಇರುತ್ತದೆಯೇ?

"ಮಾಮ, ಕಡಿಮೆ ಖರ್ಚಲ್ಲಿ ಮನೆ ರಿಚ್ ಕಾಣೂಕೆ ಎಂತೆಂತ ಮಾಡ್ಬಹುದು? ನಾಗೇಶ ಮೇಸ್ತ್ರಿ ಹತ್ರ ಕೇಳು, ಅವ್ರಷ್ಟು ಗೊತ್ತಿದ್ದವ್ರು ಈ ಕಡೆ ಯಾರೂ ಇಲ್ಲ ಅಂದ್ರು" ಎಂದಳು.

ಹೊಗಳಿಕೆಗೆ ಕರಗದ ಮೇಸ್ತ್ರಿಯನ್ನು ನಾನಂತೂ ಕಂಡಿಲ್ಲ. ಒಂದು ಗಂಟೆ ಮಾತಾಡಿದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದಳು. ಅಂಗಡಿ ತೆರೆದ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸವಂತೆ. "ಹಳದೀಪುರದ ಮನೆ. ಹಾಲ್ ಹಳೆಯದಾಗಿ ಕಾಣ್ತದೆ ಅಂತ್ರು. ಈ ಪ್ಯಾನೆಲ್ ತೆಗೆಯೂದು ಬ್ಯಾಡ, ಇದ್ರ ಮೇಲೇ ಹೊಸಾದು ಹೊಡೆದ್ರೆ ಆತು ಅಲ್ದಾ ಮಾಮ?"

ಫೋಟೋದಲ್ಲಿದ್ದ ಪ್ಯಾನೆಲ್ ನಾನೇ ಹೊಡೆದದ್ದು. ಅದರ ಹಿಂದೆ ಏನಿದೆ ಎಂದು ಈ ಭೂಮಿಯ ಮೇಲೆ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಅಲ್ಲಿ ಒಂದು ಒದ್ದೆ ಗೋಡೆ ಇದೆ. ಆ ಗೋಡೆ ಒಣಗಿದೆ ಎಂದು ಒಬ್ಬ ತಂದೆಗೆ ನಾನು ಎದುರಿಗೆ ನಿಂತು ಸುಳ್ಳು ಹೇಳಿದ್ದೆ. ಹನ್ನೊಂದು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ.

ಪೂರ್ಣಿಮಾ ಬರೆದುಕೊಂಡದ್ದರಲ್ಲಿ ಇದು ಇರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಅವಳಂಥವರು ಓದಲಿ ಎಂದು ಬರೆಯುತ್ತಿದ್ದೇನೆ. ಮೊದಲಿನಿಂದ ಹೇಳಿದರೇ ಸರಿ.

ನಾನು ಕೆಲಸ ಕಲಿತದ್ದು ಭಟ್ಕಳದಲ್ಲಿ, ಉಸ್ಮಾನ್ ಮೇಸ್ತ್ರಿಯ ಕೈಕೆಳಗೆ. ಆಗ ದುಬೈ, ಸೌದಿಯಲ್ಲಿ ದುಡಿಯುವವರು ಊರಿನಲ್ಲಿ ದೊಡ್ಡ ದೊಡ್ಡ ಮನೆ ಕಟ್ಟಿಸುತ್ತಿದ್ದರು. ಅಮೃತಶಿಲೆಯ ನೆಲ, ಮಖಮಲ್ಲಿನ ಸೋಫಾ, ಮಾಳಿಗೆಯಿಂದ ಇಳಿಬಿದ್ದ ಗಾಜಿನ ಝೂಮರ್ ದೀಪ. ಹೊನ್ನಾವರದ ಗಾರೆ ನೆಲದ ಮೇಲೆ ಚಾಪೆ ಹಾಸಿಕೊಂಡು ಬೆಳೆದ ನನಗೆ ಅಲ್ಲಿ ಕಾಲಿಡಲೂ ಹೆದರಿಕೆಯಾಗುತ್ತಿತ್ತು. ಮೊದಲ ವಾರವೇ ಒಂದು ಮನೆಯಲ್ಲಿ ಕಿಟಕಿ ಎಲ್ಲಿದೆಯೋ ಅಲ್ಲಿಗೇ ಅಳತೆ ಹಿಡಿದು ಪರದೆಯ ಸರಳು ಹೊಡೆದೆ. ಉಸ್ಮಾನ್ ಮೇಸ್ತ್ರಿ ಬಂದು ನೋಡಿ ಹಣೆ ಹಣೆ ಬಡಿದುಕೊಂಡರು.

"ಅರೆ ನಾಗೇಶ, ಇದು ಮನೆ ಕಿಟಕಿಯೋ, ರೇಷನ್ ಅಂಗಡಿ ಕಿಟಕಿಯೋ? ಸರಳು ಮೇಲೆ ಹೊಡಿ, ಮಾಳಿಗೆಗೆ ತಾಗಿಸಿ. ಬಟ್ಟೆ ನೆಲ ಮುಟ್ಬೇಕು. ಆಗ ಗೋಡೆ ಎತ್ತರ ಆಗ್ತದೆ."

ಗೋಡೆ ಎತ್ತರವಾಗುವುದಿಲ್ಲ, ಎತ್ತರವಾದಂತೆ ಕಾಣುತ್ತದೆ. ಆ 'ಕಾಣುತ್ತದೆ' ಎನ್ನುವುದರಲ್ಲೇ ಮುಂದೆ ನಾನು ನಲವತ್ತು ವರ್ಷ ಹೊಟ್ಟೆ ಹೊರೆದೆ.

ಉಸ್ಮಾನ್ ಮೇಸ್ತ್ರಿ ಶ್ರೀಮಂತರ ಮನೆಯಲ್ಲಿ ಕೆಲಸ ಮಾಡುತ್ತಿದ್ದರೂ ಅವರ ವಿದ್ಯೆಯೆಲ್ಲ ಬಡವನಿಗೂ ಆಗುವಂಥದ್ದು. ಮೊದಲು ಸಾಮಾನು ಹೊರಗೆ ಹಾಕು ಎನ್ನುತ್ತಿದ್ದರು. ಕೋಣೆಯಲ್ಲಿ ಖಾಲಿ ಜಾಗ ಕಂಡರೆ ಅರ್ಧ ಸಿರಿತನ ಬಂದ ಹಾಗೆ. ಮೂರು ಬಣ್ಣಕ್ಕಿಂತ ಹೆಚ್ಚು ಬಣ್ಣ ಒಂದು ಕೋಣೆಯೊಳಗೆ ಬರಬಾರದು. ಬಾಗಿಲಿನ ಹಿಡಿಕೆ, ಸ್ವಿಚ್ಚಿನ ಫಲಕ, ಹೀಗೆ ಕೈ ತಾಗುವ ವಸ್ತುಗಳು ಮಾತ್ರ ಒಳ್ಳೆಯವಿರಲಿ, ಉಳಿದದ್ದನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಇವನ್ನೆಲ್ಲ ಈಗ ಮೊಬೈಲಿನಲ್ಲಿ ಯಾರು ಯಾರೋ ತಾವೇ ಕಂಡುಹಿಡಿದ ಹಾಗೆ ಹೇಳುತ್ತಾರೆ. ನಾನು ಅವನ್ನೆಲ್ಲ ಬೈಗುಳದ ಜೊತೆಗೆ ಕಲಿತವನು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಮನೆಗೇ ಹೋಗಲಿ, ಬಣ್ಣದ ಡಬ್ಬಿ ತೆರೆಯುವ ಮೊದಲು ಟೋಪಿ ತೆಗೆದು ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದರು. ಗೋಡೆ ಏನೋ ಗುಟ್ಟು ಹೇಳುತ್ತಿದೆ, ಇವರು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಾವು ಹಿಂದೆ ನಿಂತು ನಗುತ್ತಿದ್ದೆವು. ಒಮ್ಮೆ ನನ್ನ ಕುತ್ತಿಗೆ ಹಿಡಿದು ಕೆನ್ನೆಯನ್ನು ಗೋಡೆಗೆ ಒತ್ತಿಸಿದರು.

"ಸುಣ್ಣ ಹಿಡಿದ ಕೈಗೆ ಒದ್ದೆ ಗೊತ್ತಾಗುದಿಲ್ಲ ಭಾಯಿ. ಕೈ ಸುಳ್ಳು ಹೇಳ್ತದೆ. ಕೆನ್ನೆ ಹೇಳುದಿಲ್ಲ. ಕೆನ್ನೆಗೆ ತಂಪು ಹತ್ತಿದ್ರೆ ಡಬ್ಬಿ ಮುಚ್ಚು, ಮನೆಗೆ ಹೋಗು."

ಅವರು ಹಾಗೆ ಡಬ್ಬಿ ಮುಚ್ಚಿ ಮನೆಗೆ ಹೋದದ್ದನ್ನು ನಾನೇ ನೋಡಿದ್ದೇನೆ. ತೆಂಗಿನಗುಂಡಿಯ ಕಡೆ ಒಂದು ದೊಡ್ಡ ಮನೆ, ಮಗನ ಮದುವೆ ಹತ್ತಿರ ಬಂದಿತ್ತು. ಕೆನ್ನೆ ಇಟ್ಟರು, ಆಗುವುದಿಲ್ಲ ಎಂದರು. ಮನೆಯವರು ಬೇರೆಯವರನ್ನು ಕರೆಸಿ ಬಣ್ಣ ಹೊಡೆಸಿದರು. ಆ ವರ್ಷ ನಮಗೆ ಸರಿಯಾಗಿ ಕೆಲಸವಿರಲಿಲ್ಲ. ಮುದುಕನಿಗೆ ವ್ಯವಹಾರ ಗೊತ್ತಿಲ್ಲ ಎಂದು ಬೈದುಕೊಂಡು ನಾನು ಅವರನ್ನು ಬಿಟ್ಟು ಹೊನ್ನಾವರಕ್ಕೆ ಬಂದೆ. ಹೋಗುವಾಗ ಹೇಳಿ ಕೂಡ ಹೋಗಲಿಲ್ಲ. ಅದು ನನ್ನ ಮೊದಲ ತಪ್ಪು. ಅವರು ತೀರಿಕೊಂಡದ್ದು ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಹೊನ್ನಾವರ, ಕುಮಟೆಯಲ್ಲಿ ಭಟ್ಕಳದ ದುಡ್ಡು ಇರಲಿಲ್ಲ, ಆದರೆ ಭಟ್ಕಳದ ಮನೆಗಳನ್ನು ನೋಡಿ ಬಂದ ಕಣ್ಣುಗಳಿದ್ದವು. ನನ್ನ ಅಂಗಡಿ ನಡೆದದ್ದೇ ಹಾಗೆ. ಅಲ್ಲಿಯ ಅಂಗಡಿಗಳಲ್ಲಿ ಉಳಿದ ಪರದೆ ಬಟ್ಟೆಯ ತುಂಡು ತಂದು ಇಲ್ಲಿ ಅಂಚು ಕಟ್ಟಿಸುತ್ತಿದ್ದೆ. ಹಳೆಯ ಮರದ ಬೆಂಚಿಗೆ ಪಾಲಿಶ್ ಹೊಡೆದು ದಿಂಬು ಹಾಕಿ ದಿವಾನ ಮಾಡುತ್ತಿದ್ದೆ. ಎಡವಟ್ಟುಗಳಿಗೂ ಕಡಿಮೆಯಿರಲಿಲ್ಲ. ಕುಮಟೆಯ ಒಂದು ಮನೆಯಲ್ಲಿ ಊಟದ ಕೋಣೆ ಇಕ್ಕಟ್ಟು. ದೊಡ್ಡದಾಗಿ ಕಾಣಲಿ ಎಂದು ಮೇಜಿನ ಎದುರಿನ ಗೋಡೆಗೆ ಪೂರ್ತಿ ಕನ್ನಡಿ ಹಾಕಿದೆ. ಮನೆಯ ಯಜಮಾನರು ಎರಡು ದಿನ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಉಂಡರು. ಮೂರನೆಯ ದಿನ ನನಗೆ ಫೋನು: "ಮೇಸ್ತ್ರಿ, ನಾ ಉಂಬೂದನ್ನ ನಾನೇ ನೋಡ್ತಾ ಉಂಬೂದು ಎಂತಕ್ಕೆ? ನನ್ನ ಬಾಯಿ ಹಿಂಗದೆ ಹೇಳಿ ನಂಗೇ ಇಷ್ಟ್ ದಿನ ಗೊತ್ತಿರ್ಲಿಲ್ಲ!" ಕನ್ನಡಿಯನ್ನು ಕಿತ್ತು ಬಾಗಿಲ ಪಕ್ಕಕ್ಕೆ ಹಾಕಿದೆ.

ಹಳದಿ ಬೆಳಕು ನನ್ನ ಇನ್ನೊಂದು ಹುಚ್ಚು. ಟ್ಯೂಬ್‌ಲೈಟಿನ ಬಿಳಿ ಬೆಳಕನ್ನು ತೆಗೆದು ಮೂಲೆಗಳಲ್ಲಿ ಹಳದಿ ಬಲ್ಬು ಹಾಕಿದರೆ ಎಂಥ ಮನೆಗೂ ಹೋಟೆಲಿನ ಕಳೆ ಬರುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಬೇರೆ ಇಲ್ಲ. ಅದನ್ನೇ ಹೊನ್ನಾವರದ ಬಂದರಿನ ಬಳಿಯ ಒಂದು ಮನೆಯ ಅಡುಗೆಕೋಣೆಗೂ ಹಾಕಿದೆ. ಆ ಮನೆಯ ಅಜ್ಜಿ ಮರುದಿನ ಬಂಗಡೆಯ ಬುಟ್ಟಿ ಹಿಡಿದುಕೊಂಡೇ ಅಂಗಡಿಗೆ ಬಂದರು. "ನಿನ್ನ ಬೆಳಕಲ್ಲಿ ಬಂಗ್ಡೆ ನಿನ್ನೇದೋ ಇವತ್ತಿಂದೋ ಗೊತ್ತಾಗೂದಿಲ್ಲ ತಮಾ. ಎಲ್ಲಾ ಒಂದೇ ನಮೂನಿ ಕಾಣ್ತದೆ" ಎಂದರು. ನಾನು ನಕ್ಕೆ. ಹಳೆಯದನ್ನೂ ತಾಜಾ ತೋರಿಸುವ ಬೆಳಕು ಅಡುಗೆಮನೆಗೆ ಬೇಡ ಎಂದು ಅಜ್ಜಿಗೆ ಅನ್ನಿಸಿದ್ದು ನನಗೆ ಎಲ್ಲಿಯೂ ಅನ್ನಿಸಲಿಲ್ಲ.

ಕಾಲ ಬದಲಾಗುತ್ತ ಹೋಯಿತು. ಸುಣ್ಣ ಹೋಗಿ ಡಿಸ್ಟೆಂಪರ್ ಬಂತು, ಆಮೇಲೆ ಪುಟ್ಟಿ, ಆಮೇಲೆ ವಾಲ್‌ಪೇಪರ್, ಆಮೇಲೆ ಪ್ಲಾಸ್ಟಿಕ್ಕಿನ ಪ್ಯಾನೆಲ್. ಸುಣ್ಣ ಬಳಿದ ಗೋಡೆ ಒದ್ದೆಯಾದರೆ ಎಲ್ಲರಿಗೂ ಕಾಣುತ್ತದೆ. ಉಪ್ಪು ಹೂಬಿಡುತ್ತದೆ, ಹೊಪ್ಪಳೆ ಏಳುತ್ತದೆ. ಪ್ಯಾನೆಲ್ ಹಾಗಲ್ಲ. ಅದರ ಹಿಂದೆ ಏನೇ ಆಗಲಿ, ಮುಂದೆ ಹೊಳೆಯುತ್ತಲೇ ಇರುತ್ತದೆ. ನಮ್ಮ ಕರಾವಳಿಯಲ್ಲಿ ಮಳೆ ಕುಡಿದ ಕೆಂಪು ಚಿರೇಕಲ್ಲಿನ ಗೋಡೆ ಪೂರ್ತಿ ಒಣಗಬೇಕಾದರೆ ಸಂಕ್ರಾಂತಿ ಬರಬೇಕು. ಆದರೆ ಮದುವೆಯ ಮಾತುಕತೆ ಶುರುವಾಗುವುದು ದಸರೆಗೆ. ಗಂಡಿನ ಮನೆ ನೋಡಲು ಹೆಣ್ಣಿನ ಕಡೆಯವರು ಬರುವುದು ಆಗಲೇ. ದಸರೆಯಿಂದ ಸಂಕ್ರಾಂತಿಯವರೆಗಿನ ಆ ಮೂರು ತಿಂಗಳು ನನಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. "ಮೇಸ್ತ್ರಿ, ಹತ್ತು ದಿನದಲ್ಲಿ ಮನೆ ನೋಡೂಕೆ ಬರ್ತ್ರು, ಎಂತಾರೂ ಮಾಡಿ" ಎಂದು ಬಂದವರಿಗೆಲ್ಲ ಆತು ಎಂದೇ ಹೇಳಿದೆ.

ಹಳದೀಪುರದ ಗಿರಿಜಮ್ಮನೂ ಹಾಗೆಯೇ ಬಂದವರು. ಅವರ ಗಂಡನ ಕಾಲದಲ್ಲಿ ಆ ಮನೆತನ ಸಮುದ್ರದ ಮೀನುಗಾರಿಕೆ ಬಿಟ್ಟು ನೌಕರಿ ಹಿಡಿದಿತ್ತು. ಮಗ ವಿನಾಯಕ ಕುಮಟೆಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದ. ಒಳ್ಳೆಯ ಹುಡುಗ. ತದಡಿಯಲ್ಲಿ ಸ್ವಂತ ದೋಣಿ ಇದ್ದ ಗೋವಿಂದಣ್ಣನವರ ಮಗಳು ಸುಮತಿಯ ಜೊತೆ ಮಾತು ನಡೆದಿತ್ತು. ಹೆಣ್ಣಿನ ಕಡೆಯವರು ಅನುಕೂಲಸ್ಥರು, ತಮ್ಮ ಮನೆ ಹಳೆಯದು ಎಂದು ಗಿರಿಜಮ್ಮನಿಗೆ ಅಳುಕು.

ನಡುಮನೆಯ ಹಿಂಬದಿ ಗೋಡೆಗೆ ಕೆನ್ನೆ ಇಟ್ಟೆ. ಉಸ್ಮಾನ್ ಮೇಸ್ತ್ರಿಯನ್ನು ಬಿಟ್ಟರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಕೆನ್ನೆಗೆ ಬಾವಿಕಟ್ಟೆಯ ತಂಪು ತಾಗಿತು. ಹೊರಗೆ ಹೋಗಿ ನೋಡಿದರೆ ಹಿತ್ತಿಲ ಮಣ್ಣು ವರ್ಷ ವರ್ಷ ಇಳಿದು ಬಂದು ಗೋಡೆಗೆ ಸೊಂಟದೆತ್ತರ ಒರಗಿ ಕೂತಿದೆ. ಹಂಚಿನ ನೀರು ನೇರ ಅದರ ಮೇಲೇ ಬೀಳುತ್ತದೆ.

"ಅಮ್ಮಾ, ಈ ಮಣ್ಣು ತೆಗೆದು ಒಂದು ಗಟಾರ ಹೊಡೆಸಿ. ಗಿಲಾವು ಕೆರೆದು ಸಂಕ್ರಾಂತಿವರೆಗೆ ಹಂಗೇ ಬಿಡಿ. ಗೋಡೆ ತಾನೇ ಒಣಗ್ತದೆ" ಎಂದೆ.

"ಸಂಕ್ರಾಂತಿವರೆಗೆ ಹೆಣ್ಣಿನ ಕಡೆಯವ್ರು ಕಾಯ್ತ್ರಾ ಮೇಸ್ತ್ರಿ? ಈಗ ಮುಚ್ಚಿ ಚಂದ ಮಾಡಿ. ಮದ್ವೆ ಆದ್ಮೇಲೆ ತೆಗೆದು ಸರಿ ಮಾಡುವಾ."

ನೀವು ಗಮನಿಸಬೇಕು, ಸರಿಯಾದ ರಿಪೇರಿಗೆ ಬೇಕಾಗಿದ್ದದ್ದು ಗುದ್ದಲಿ, ಬುಟ್ಟಿ ಮತ್ತು ಮೂರು ತಿಂಗಳ ಸಮಯ. ಮನೆ ಚಂದ ಕಾಣಿಸಲು ಇದಕ್ಕಿಂತ ಅಗ್ಗದ ಉಪಾಯ ನನ್ನ ಹತ್ತಿರವೂ ಇರಲಿಲ್ಲ. ಅದನ್ನು ಬಿಟ್ಟು ನಾನು ಒದ್ದೆ ಗೋಡೆಗೇ ಮರದ ಪಟ್ಟಿ ಹೊಡೆದು, ಪ್ಲೈವುಡ್ ಕೂರಿಸಿ, ಅದರ ಮೇಲೆ ಬಂಗಾರದ ಬಳ್ಳಿಯ ವಾಲ್‌ಪೇಪರ್ ಅಂಟಿಸಿದೆ. ವಾಸನೆ ಬರದಿರಲಿ ಎಂದು ಹಿಂದೆ ಕರ್ಪೂರದ ಪೊಟ್ಟಣ ಸಿಕ್ಕಿಸಿದೆ. ಪರದೆ ಮಾಳಿಗೆಯಿಂದ ನೆಲದವರೆಗೆ, ಮೂಲೆಯಲ್ಲಿ ಹಳದಿ ದೀಪ, ಖಾಲಿ ಮಾಡಿದ ನಡುಮನೆಯಲ್ಲಿ ಒಂದೇ ಸೋಫಾ. ಗಿರಿಜಮ್ಮ ಬಾಗಿಲಲ್ಲಿ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಸುಳ್ಳೇಕೆ ಹೇಳಲಿ, ನನಗೂ ಹೆಮ್ಮೆಯಾಯಿತು.

ಮನೆ ನೋಡುವ ದಿನ ಪರದೆಯ ಒಂದು ಕೊಂಡಿ ಕಳಚಿದೆ ಎಂದು ನನ್ನನ್ನು ಕರೆಸಿದ್ದರು. ಹೆಣ್ಣಿನ ಕಡೆಯವರು ಒಳಗೆ ಚಾ ಕುಡಿಯುತ್ತಿದ್ದರು. ಗೋವಿಂದಣ್ಣ ಮಾತ್ರ ಎದ್ದು ನಡುಮನೆಗೆ ಬಂದರು. ಕುಳ್ಳಗೆ, ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿ ಹಾಕಿದ ಬಿಳಿ ಅಂಗಿ. ದೋಣಿಯ ಹಲಗೆ ತಟ್ಟಿ ನೋಡುವ ಹಾಗೆ ಗೋಡೆಯ ಮೇಲೆ ಬೆರಳಗಂಟಿನಿಂದ ಎರಡು ಸಲ ತಟ್ಟಿದರು. ಟೊಳ್ಳು ಸದ್ದು ಬಂತು.

"ಮೇಸ್ತ್ರಿ ನೀವೇ ಅಲ್ದಾ? ಇದ್ರ ಹಿಂದೆ ಎಂತ ಅದೆ?"

"ಗೋಡೆ ಅದೆ" ಎಂದೆ.

"ಗೋಡೆ ಒಣ್ಗಿದ್ದೋ, ಒದ್ದೆ ಅದ್ಯೋ?" ಅವರು ಒಳಗಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮ ಹುಡ್ಗಿಗೆ ಸಣ್ಣಿಂದ್ಲೂ ಉಬ್ಬಸ ಅದೆ. ಬೂಷ್ಟು ಹಿಡ್ದಲ್ಲಿ ಅವ್ಳಿಗೆ ಉಸ್ರು ಹಿಡೀತದೆ. ಇವ್ರಿಗೆ ಹೇಳ್ಲಿಲ್ಲ. ಹೇಳಿದ್ರೆ ಸಂಬಂಧ ಬಿಟ್ ಹೋಗ್ತದೆ ಹೇಳಿ ಹೆದ್ರಿಕೆ. ಮಿಕ್ಕಿದ್ದೆಲ್ಲಾ ನಂಗೆ ಅಡ್ಡಿಲ್ಲ. ಗೋಡೆ ಒಂದು ಒಣ್ಗಿದ್ರೆ ಸಾಕು. ನೀವು ಹೇಳಿ, ನಿಮ್ಮ ಮಾತಿನ ಮೇಲೆ ನಾ ಮಗ್ಳನ್ನ ಕೊಡ್ತೆ."

ಅವರು ತಮ್ಮ ಗುಟ್ಟನ್ನು ನನ್ನ ಕೈಯಲ್ಲಿಟ್ಟು ನಿಂತರು. ಗಿರಿಜಮ್ಮನ ಗುಟ್ಟು ಮೊದಲೇ ನನ್ನ ಕೈಯಲ್ಲಿತ್ತು. ಗಿರಾಕಿಯ ಮನೆಯ ಒಳಗುಟ್ಟನ್ನು ಹೊರಗೆ ಹಾಕಬಾರದು ಎಂಬುದು ನಮ್ಮ ಕಸುಬಿನ ಮರ್ಯಾದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಆ ವರ್ಷ ಆ ಊರಿನಲ್ಲಿ ಇನ್ನೂ ಮೂರು ಮನೆಯ ಕೆಲಸ ಒಪ್ಪಿಕೊಂಡಿದ್ದೆ, ಹೆಸರು ಕೆಡುವ ಹೆದರಿಕೆ.

"ಒಣಗಿದೆ ಗೋವಿಂದಣ್ಣ. ಏನೂ ತೊಂದ್ರೆ ಇಲ್ಲ" ಎಂದೆ.

ಅವರ ಮುಖ ಅರಳಿತು. ನನ್ನ ಹೆಗಲ ಮೇಲೆ ಕೈಯಿಟ್ಟು "ಆತು ಹಂಗಾರೆ" ಎಂದರು. ಹದಿನೈದು ದಿನದಲ್ಲಿ ನಿಶ್ಚಿತಾರ್ಥವಾಯಿತು.

ಮದುವೆಯಾದ ಮೇಲೆ ತೆಗೆದು ಸರಿ ಮಾಡುವ ಮಾತನ್ನು ಗಿರಿಜಮ್ಮ ಮರೆತರು, ನಾನು ನೆನಪಿಸಲಿಲ್ಲ. ಮೊದಲ ಮಳೆಗಾಲ ಕಳೆದ ಮೇಲೆ ನನಗೆ ಮತ್ತೆ ಕರೆ ಬಂತು. ವಾಲ್‌ಪೇಪರಿನ ಬಂಗಾರದ ಬಳ್ಳಿಯ ನಡುವೆ ಕಂದು ಕಲೆಗಳು ಎದ್ದಿದ್ದವು. ನಾನು ಅಂಗಳ ಹೊಕ್ಕಾಗ ತೆಂಗಿನ ಮರದ ಬುಡದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೋವಿಂದಣ್ಣ ಕೂತಿದ್ದರು. ಕೈಯಲ್ಲಿ ಸ್ಟೀಲ್ ಲೋಟ. ಮೆಟ್ಟಿಲ ಮೇಲೆ ಸುಮತಿ ನಿಂತು ಅವರ ಜೊತೆ ಮಾತಾಡುತ್ತಿದ್ದಳು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಅವಳ ಸೊಂಟದಲ್ಲಿ ಉಸಿರಿನ ಪಂಪು ಸಿಕ್ಕಿಸಿತ್ತು.

"ಒಳಗೆ ಕೂತ್ಕೊಳ್ಳೂಕೆ ಆಗಿತ್ತಲ್ಲ ಗೋವಿಂದಣ್ಣ?" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

"ಬ್ಯಾಡ ಮೇಸ್ತ್ರಿ. ನನ್ನ ಮೈಗೆ ಮೀನಿನ ವಾಸ್ನೆ, ಬಲೆ ಧೂಳು. ಅದ್ಕೇ ಅವ್ಳಿಗೆ ದಮ್ಮು ಹೆಚ್ಚಾಗ್ತದೆ ಹೇಳಿ ಮನೆಯವ್ರಿಗೆ ಅನ್ಸಿತ್ತು. ಡಾಕ್ಟ್ರು ಮನೆಲಿ ಒದ್ದೆ ಅದ್ಯಾ ಕೇಳಿದ್ರಂತೆ. ಗೋಡೆ ಒಣ್ಗಿದ್ದೇ ಹೇಳಿ ನಾನೇ ಹೇಳ್ದೆ. ನೀವು ಹೇಳಿದ್ರಲ್ಲ. ಕಾರಣ ಗೋಡೆ ಅಲ್ಲ ಅಂದ್ಮೇಲೆ ನಾವೇ ಆಗ್ಬೇಕು." ಅವರು ನಕ್ಕರು. "ಮನೆ ಬೆಕ್ಕನ್ನ ಬೇರೆಯವ್ರಿಗೆ ಕೊಟ್ರು. ಹತ್ತಿ ಹಾಸ್ಗೆ ತೆಗೆದ್ರು. ಒಣಮೀನು ತರೂದು ನಿಲ್ಸಿದೆ. ಈಗ ನಾನೂ ಹೊರಗೇ. ಅವ್ಳು ಚಂದ ಇದ್ರೆ ಸಾಕು."

ಆ ಮನೆಯಲ್ಲಿ ಕಾರಣವನ್ನು ಎಲ್ಲೆಲ್ಲೂ ಹುಡುಕಿದ್ದರು, ಗೋಡೆಯೊಂದನ್ನು ಬಿಟ್ಟು. ನನ್ನ ಮಾತು ಆ ಗೋಡೆಗೆ ಕಾವಲು ನಿಂತಿತ್ತು. ಸಮುದ್ರ ಬಿಟ್ಟು ಒಂದೇ ತಲೆಮಾರಾದ ಮನೆಯವರಿಗೆ ಮೀನಿನ ವಾಸನೆ ಎಂದರೆ ಬೇಗ ನಂಬಿಕೆ ಬರುತ್ತದೆ. ಗೋವಿಂದಣ್ಣನೂ ನಂಬಿದ್ದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಒಳಗೆ ಹೋದೆ. ಕಾಗದದ ಅಂಚು ಎತ್ತಿದರೆ ಪ್ಲೈವುಡ್ ಕಪ್ಪಾಗಿ, ಬೂಷ್ಟು ಬೆಕ್ಕಿನ ತುಪ್ಪಳದಷ್ಟು ದಪ್ಪ ಬೆಳೆದಿತ್ತು. ಗಿರಿಜಮ್ಮ ಅಡುಗೆಮನೆಯಿಂದ ಕೂಗಿ "ಎಂತ ಆಯ್ತು ಮೇಸ್ತ್ರಿ?" ಎಂದು ಕೇಳಿದರು. "ಕಾಗದದ ಕ್ವಾಲಿಟಿ ಸರಿ ಇಲ್ಲ ಅಮ್ಮ, ಕಂಪನಿಯವ್ರು ಮೋಸ ಮಾಡಿದ್ರು" ಎಂದೆ. ಹಾಳಾದ ಹಲಗೆ ತೆಗೆದು, ಇದ್ದದ್ದನ್ನು ಒರೆಸಿ, ನೀರು ತಾಗದ ಪ್ಲಾಸ್ಟಿಕ್ ಪ್ಯಾನೆಲನ್ನು ಮೇಲಿನಿಂದ ಕೆಳಗಿನವರೆಗೆ ಹೊಡೆದೆ. ಇನ್ನು ಎಷ್ಟು ಮಳೆ ಬಂದರೂ ಕಲೆ ಏಳುವ ಹಾಗಿಲ್ಲ. ಹೊರಗೆ ಬರುವಾಗ ಗೋವಿಂದಣ್ಣ ಕಲ್ಲಿನ ಮೇಲಿಂದಲೇ ಕೈಯೆತ್ತಿದರು. ನಾನೂ ಕೈಯೆತ್ತಿದೆ.

ಆಮೇಲೆ ಹಳದೀಪುರದ ಕಡೆಯ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟೆ. ಬಸ್ಸಿನಲ್ಲಿ ಹೋಗುವಾಗ ಆ ಮನೆ ಬರುವ ಮೊದಲು ಇನ್ನೊಂದು ಬದಿಯ ಕಿಟಕಿಗೆ ಮುಖ ತಿರುಗಿಸುತ್ತಿದ್ದೆ. ಮಳೆಗಾಲದಲ್ಲಿ ಸುಮತಿ ತದಡಿಯ ತವರಿನಲ್ಲಿ ಇರುತ್ತಾಳೆ, ಅಲ್ಲಿ ಆರಾಮಾಗುತ್ತಾಳೆ, ಬಂದ ಮೇಲೆ ಮತ್ತೆ ಶುರುವಾಗುತ್ತದೆ ಎಂದು ಅವರಿವರ ಬಾಯಲ್ಲಿ ಕೇಳಿದೆ. ಅತ್ತೆಯ ಜೊತೆ ಹೊಂದುವುದಿಲ್ಲ, ಅದಕ್ಕೆ ರೋಗದ ನೆವ ಎಂದು ಕೆಲವರು ಆಡಿಕೊಂಡರು. ಬಲೆ, ಮೀನು, ದೋಣಿ ಎಲ್ಲ ಇರುವ ತವರಿನಲ್ಲಿ ಉಸಿರು ಸರಾಗವಾಗುತ್ತದೆ ಎಂದರೆ ಮೀನಿನದು ತಪ್ಪಿಲ್ಲ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಬೇಕಾದದ್ದು ಏನೂ ಇರಲಿಲ್ಲ, ಗೊತ್ತೇ ಇತ್ತು.

ಹೇಳಿಬಿಡಬೇಕೆಂದು ಮನಸ್ಸಿನಲ್ಲೇ ಹೊರಟ ದಿನಗಳಿಗೆ ಲೆಕ್ಕವಿಲ್ಲ. ಒಂದು ಸಲ ಹಳದೀಪುರದಲ್ಲಿ ಬಸ್ಸಿನಿಂದ ಇಳಿದು, ಅಲ್ಲಿಯೇ ಚಾ ಕುಡಿದು, ಮುಂದಿನ ಬಸ್ಸಿಗೆ ವಾಪಸು ಬಂದೆ. ವರ್ಷ ಕಳೆದ ಹಾಗೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೇ ದೊಡ್ಡ ತಪ್ಪಾಗಿ ಬೆಳೆದು, ಮೊದಲಿನ ತಪ್ಪು ಅದರ ಹಿಂದೆ ಮರೆಯಾಯಿತು.

ಪೂರ್ಣಿಮಾ ಫೋಟೋ ತೋರಿಸಿದ ದಿನ ಅವಳಿಗೆ ಎಲ್ಲ ಹೇಳಿದೆ. ಅವಳು ಪುಸ್ತಕ ಮುಚ್ಚಿದಳು. "ನಾಳೆ ನನ್ನ ಜೊತೆ ಬರ್ತ್ರಾ ಮಾಮ?" ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಹಳದೀಪುರಕ್ಕೆ ಹೋದೆವು. ವಿನಾಯಕ ಕಚೇರಿಗೆ ಹೋಗಿದ್ದ. ಗಿರಿಜಮ್ಮ ಸೊರಗಿದ್ದರು, ನನ್ನನ್ನು ಕಂಡು "ಎಷ್ಟು ವರ್ಷ ಆಯ್ತು ಮೇಸ್ತ್ರಿ!" ಎಂದು ಸಂತೋಷಪಟ್ಟರು. ನಾನು ಏನೂ ಹೇಳದೆ ಸ್ಕ್ರೂ ಬಿಚ್ಚಿ ಕೆಳಗಿನ ಪ್ಯಾನೆಲ್ ಕಿತ್ತೆ. ಹೇಳಿ ಕಿತ್ತರೆ ನಡುವೆ ಧೈರ್ಯ ಹೋಗುತ್ತದೆ ಎಂದು ಗೊತ್ತಿತ್ತು. ವಾಸನೆ ಒಮ್ಮೆಲೇ ಹೊರಗೆ ಬಂತು. ಸುಮತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಿನಾಚೆ ಸರಿದಳು. ಮರದ ಪಟ್ಟಿಗಳು ಕೈಯಲ್ಲಿ ಪುಡಿಯಾದವು. ಗೋಡೆ ಕಪ್ಪು ಹಸಿರಾಗಿತ್ತು.

ಆಗ ಹೇಳಿದೆ. ಮನೆ ನೋಡುವ ದಿನ ಗೋವಿಂದಣ್ಣ ಕೇಳಿದ್ದು, ನಾನು ಉತ್ತರ ಕೊಟ್ಟದ್ದು, ಎರಡನೆಯ ಸಲ ನೋಡಿಯೂ ಮುಚ್ಚಿದ್ದು.

ಗಿರಿಜಮ್ಮ ಸೋಫಾದ ತುದಿಯಲ್ಲಿ ಕೂತರು. "ಮುಚ್ಚಿ ಅಂದದ್ದು ನಾನೇ ಹೌದು. ಆದ್ರೆ ನೀವು ಮುಚ್ಚಿದ್ಮೇಲೆ ಸರಿಯಾಯ್ತು ಅಂದ್ಕಂಡಿದ್ನಲ್ಲ ಮೇಸ್ತ್ರಿ. ಪಾಪದ ಮನ್ಷನ್ನ ಹೊರಗೆ ಕೂರ್ಸಿದೆ" ಎಂದು ಅಳತೊಡಗಿದರು. ಸುಮತಿ ಅಳಲಿಲ್ಲ. ಬಾಗಿಲಾಚೆಯಿಂದಲೇ ಕೇಳಿದಳು.

"ಅಪ್ಪಂಗೆ ಯಾರು ಹೇಳ್ತ್ರು?"

"ನಾನೇ ಹೇಳ್ತೆ" ಎಂದೆ.

"ಹೇಳಿ. ನಂಗೆ ನಿಮ್ಮ ಹತ್ರ ಮಾತಾಡೂಕೆ ಬೇರೆ ಎಂತದೂ ಇಲ್ಲ."

ಅಂದು ಸಂಜೆಯೇ ತದಡಿಗೆ ಹೋದೆ. ಬಂದರಿನಲ್ಲಿ ಗೋವಿಂದಣ್ಣ ಬಲೆ ಹೆಣೆಯುತ್ತ ಕೂತಿದ್ದರು. ಸಮುದ್ರಕ್ಕೆ ಹೋಗುವುದನ್ನು ಬಿಟ್ಟಿದ್ದರು. ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ತನ್ನಷ್ಟಕ್ಕೆ ಓಡುತ್ತಿತ್ತು. ನಾನು ನೆಲದ ಮೇಲೆ ಕೂತೆ. ಬೈಯುತ್ತಾರೆ, ಕಾಲರ್ ಹಿಡಿಯುತ್ತಾರೆ, ಎಲ್ಲರನ್ನೂ ಕೂಗಿ ಕರೆಯುತ್ತಾರೆ ಎಂದು ಎಲ್ಲದಕ್ಕೂ ಸಿದ್ಧನಾಗಿದ್ದೆ. ಬಸ್ಸಿನಲ್ಲಿ ಬರುವಾಗ ಅವಕ್ಕೆಲ್ಲ ಉತ್ತರ ಹೊಂದಿಸಿಕೊಂಡಿದ್ದೆ.

"ಗೋವಿಂದಣ್ಣ, ಗೋಡೆ ಒದ್ದೆ ಇತ್ತು. ಅವತ್ತೇ ನಂಗೆ ಗೊತ್ತಿತ್ತು. ನಾ ನಿಮ್ಗೆ ಸುಳ್ಳು ಹೇಳ್ದೆ. ಸುಮತಿಗೆ ಉಸ್ರು ಹಿಡಿದದ್ದು ಆ ಗೋಡೆಯಿಂದ. ನಿಮ್ಮಿಂದ ಅಲ್ಲ."

ಬಲೆ ಹೆಣೆಯುವ ಕೈ ನಿಂತಿತು. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು.

"ಹಂಗಾರೆ ನಾ ಒಳಗೆ ಹೋಗೂಕೆ ಅಡ್ಡಿಲ್ಲ ಅಲ್ದಾ?"

ಇಲ್ಲ ಎಂದು ತಲೆಯಾಡಿಸಿದೆ. ಅಳು ತಡೆಯಲಾಗಲಿಲ್ಲ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಎದ್ದು, ಬಲೆ ಮಡಚಿ ಪಕ್ಕಕ್ಕಿಟ್ಟು, "ನಾಳೆ ಬೆಳಿಗ್ಗೆ ಹೋಗ್ತೆ" ಎಂದಷ್ಟೇ ಹೇಳಿದರು.

ಹಿತ್ತಿಲ ಮಣ್ಣು ತೆಗೆಯುವ ಕೆಲಸ ಮರುದಿನವೇ ಶುರು ಮಾಡಿಸಿದ್ದೆ, ಹಾಗಾಗಿ ನಾನು ಅಲ್ಲಿದ್ದೆ. ಅಗೆಯಲು ನನಗೆ ಆಗುವುದಿಲ್ಲ, ಅಂಗಳದಲ್ಲಿ ನಿಂತು, ಬುಟ್ಟಿ ಹೊತ್ತು ತಂದವರಿಗೆ ಮಣ್ಣು ಸುರಿಯುವ ಜಾಗ ತೋರಿಸುವುದಷ್ಟೇ. ಪೂರ್ಣಿಮಾ ಹೊಸ ಪ್ಯಾನೆಲಿನ ಮಾತು ಬಿಟ್ಟು, ಗಿಲಾವು ಕೆರೆದ ಗೋಡೆಯನ್ನು ಸಂಕ್ರಾಂತಿವರೆಗೆ ಹಾಗೇ ಬಿಡುತ್ತೇನೆ, ಆಮೇಲೆ ಸುಣ್ಣ ಬಳಿಯುತ್ತೇನೆ ಎಂದಿದ್ದಳು. ಅಷ್ಟು ದಿನ ಸುಮತಿ ಮುಂದಿನ ಕೋಣೆಗೆ ಹಾಸಿಗೆ ಬದಲಿಸಿದ್ದಳು.

ಗೋವಿಂದಣ್ಣ ಹೆದ್ದಾರಿಯಲ್ಲಿ ಬಸ್ಸಿಳಿದು ನಡೆದುಕೊಂಡು ಬಂದರು. ಮನೆ ನೋಡಲು ಬಂದ ದಿನದ ಹಾಗೆಯೇ ಇಸ್ತ್ರಿ ಹಾಕಿದ ಬಿಳಿ ಅಂಗಿ. ಅಭ್ಯಾಸದಂತೆ ಕಲ್ಲಿನ ಕಡೆ ನಾಲ್ಕು ಹೆಜ್ಜೆ ಹೋದವರು ನೆನಪಾಗಿ ತಿರುಗಿದರು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಕಾಲು ತೊಳೆದರು. ಹೊಸ್ತಿಲ ಮುಂದೆ ನಿಂತು ಬಲಗೈ ತೋಳನ್ನು ಮೂಗಿನ ಹತ್ತಿರ ತಂದು ಮೂಸಿದರು. ಆಮೇಲೆ ಎಡಗೈ ತೋಳನ್ನು.

"ಅಪ್ಪಾ, ಬಾ" ಎಂದಳು ಸುಮತಿ ಒಳಗಿನಿಂದ.

ಅವರು ಒಳಗೆ ಹೋದರು. ನನ್ನ ಮಂಡಿ ನೋಯತೊಡಗಿತ್ತು. ತೆಂಗಿನ ಮರದ ಬುಡದ ಆ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಸುಮತಿ ಮೆಟ್ಟಿಲಿಳಿದು ಬಂದು, ಸ್ಟೀಲ್ ಲೋಟದಲ್ಲಿ ನನಗೆ ಅಲ್ಲಿಗೇ ಚಾ ತಂದುಕೊಟ್ಟಳು.